ಅಂಟು ಮೇಷ್ಟ್ರ ಶಿಫಾರಸು

“ಈ ಫಾರಂ ನೀವು ಗುಟ್ಟಾಗಿ ತುಂಬಬೇಕಂತೆ ಮೇಷ್ಟ್ರೇ. ನಾನು ನೋಡೋ ಹಾಗಿಲ್ಲ.”

“ನನ್ನ ಕಣ್ಣಿಗೆ ಪೊರೆ ಬಂದಿದೆ, ನೀನು ನೋಡೋ ಹಾಗಿಲ್ಲ. ಇನ್ನು ಗೋಡೆ ಓದುತ್ತಾ? ನೀನೇ ಓದು, ನಾನು ಹೇಳಿದ್ದನ್ನ ಒತ್ತು, ಆಮೇಲೆ ಮರೆತುಬಿಡು.”

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ಪುಸ್ತಕಗಳನ್ನು ರಿಪೇರಿ ಮಾಡುವ ಕೋಣೆ ಅದು. ಹಿರಿಯ ಬೈಂಡರನ್ನು ಎಲ್ಲರೂ ಅಂಟು ಮೇಷ್ಟ್ರು ಎನ್ನುತ್ತಿದ್ದರು. ಬೆರಳಿಗೆ ಮೆತ್ತಿದ ಅಂಟು ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವರ ಕೈಕೆಳಗಿದ್ದ ಶಿಷ್ಯೆ ಕಡಲಾಚೆಯ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಳು. ಹಳೆಯ ಕಾಗದವನ್ನು ಉಳಿಸುವ ವಿದ್ಯೆಯನ್ನೇ ಅಲ್ಲಿ ಎರಡು ವರ್ಷ ಕಲಿಸುತ್ತಾರೆ. ಗುರುವಿನ ಶಿಫಾರಸು ಆನ್‌ಲೈನಿನಲ್ಲಿ ಸಂಜೆ ಐದರೊಳಗೆ ಹೋಗದಿದ್ದರೆ ಅರ್ಜಿ ಕಸದ ಬುಟ್ಟಿಗೆ. ಆಗಲೇ ನಾಲ್ಕೂಕಾಲು.

ಅವಳಿಗೆ ಅಲ್ಲಿಗೆ ಹೋಗಲೇಬೇಕಿತ್ತು. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಶಾಯಿಯೇ ಕಾಗದವನ್ನು ತಿಂದು, ಅಕ್ಷರವಿದ್ದ ಕಡೆ ತೂತು ಮಾಡಿಬಿಡುತ್ತದೆ. ತಡೆಯುವುದು ಹೇಗೆಂದು ಕೇಳಿದರೆ ಮೇಷ್ಟ್ರು, “ಗೊತ್ತಿದ್ದಿದ್ರೆ ನಾನ್ಯಾಕೆ ಇಲ್ಲಿರ್ತಿದ್ದೆ?” ಎನ್ನುತ್ತಿದ್ದರು. ಆ ವಿಶ್ವವಿದ್ಯಾಲಯದ ಪ್ರಯೋಗಾಲಯದ ಚಿತ್ರವನ್ನು ನಾಲ್ಕು ವರ್ಷದಿಂದ ಮೊಬೈಲಿನಲ್ಲಿ ದಿನಕ್ಕೊಮ್ಮೆಯಾದರೂ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ಕಿಟಕಿಯ ಪಕ್ಕದ ಮೂರನೇ ಮೇಜು ತನ್ನದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೂ ಆಗಿತ್ತು.

“ಕೈಕೆಲಸ ಹೇಗೆ ಅಂತ ಕೇಳಿದ್ದಾರೆ. ಅಸಾಧಾರಣ, ಬಹಳ ಚೆನ್ನ, ಚೆನ್ನ, ಸಾಧಾರಣ. ನಾಲ್ಕರಲ್ಲಿ ಒಂದು.”

“ಪರವಾಗಿಲ್ಲ ಅಂತ ಹಾಕು.”

ಆ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮೇಷ್ಟ್ರಿಗೆ ಅವರ ಗುರು ಇಡೀ ಜೀವಮಾನದಲ್ಲಿ ಒಂದೇ ಸಲ ಆ ಮಾತು ಅಂದಿದ್ದರಂತೆ. ಒಂಬತ್ತು ವರ್ಷ ಕಾದವಳ ಕಿವಿಗೆ ಅದು ಬಿದ್ದದ್ದು ಇವತ್ತೇ. ಬೀಳುವ ಹೊತ್ತು ನೋಡಿ!

“ಹಾಗಂತ ಇಲ್ಲಿ ಇಲ್ಲ ಮೇಷ್ಟ್ರೇ.”

“ಎಂಥ ಯೂನಿವರ್ಸಿಟಿಯೇ ಅದು! ನಮ್ಮ ಪರವಾಗಿಲ್ಲಕ್ಕೆ ಅವರ ಕಡೆ ಏನಂತಾರೆ?”

“ಅಸಾಧಾರಣ,” ಎಂದಳು, ನಾಚಿಕೆ ಬಿಟ್ಟು.

“ಅಬ್ಬಾ, ಬಾಯಿ ದೊಡ್ಡದು ಅವರದು. ಹೋಗಲಿ, ಒತ್ತು.”

ತಾಳ್ಮೆ, ನಿಯತ್ತು ಎಲ್ಲ ಮುಗಿದವು. ದೋಷಗಳೇನು ಎಂಬಲ್ಲಿ ಮೇಷ್ಟ್ರು, “ಊಟ ಬಿಟ್ಟು ಕೆಲಸ ಮಾಡ್ತಾಳೆ, ಬೈದರೂ ಕೇಳಲ್ಲ,” ಎಂದು ಬರೆಸಿದರು. ಐದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಪ್ರಶ್ನೆ ಬಂತು.

“ಅವಕಾಶ ಸಿಕ್ಕರೆ ಇವರನ್ನು ಮತ್ತೆ ನಿಮ್ಮ ಹತ್ತಿರ ಕೆಲಸಕ್ಕೆ ಇಟ್ಟುಕೊಳ್ಳುತ್ತೀರಾ? ಹೌದು, ಇಲ್ಲ.”

ಮೇಷ್ಟ್ರು ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಮತ್ತೆ ಎತ್ತಿ ಮೊದಲಿದ್ದಲ್ಲೇ ಇಟ್ಟರು.

“ಇಲ್ಲ ಅಂತ ಹಾಕು.”

ಅವಳ ಕೈ ನಿಂತುಬಿಟ್ಟಿತು. ಈ ಒಂದು ‘ಇಲ್ಲ’ ಸಾಕು, ಇಷ್ಟು ಹೊತ್ತು ಒತ್ತಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೆ ಅರ್ಜಿಗಿಂತ ಹೆಚ್ಚಾಗಿ ಆ ಮಾತೇ ಅವಳಿಗೆ ನೋವು ಕೊಟ್ಟಿತು.

“ನಾನೇನು ತಪ್ಪು ಮಾಡಿದೆ ಮೇಷ್ಟ್ರೇ?”

“ತಪ್ಪಲ್ಲ ಕಣೇ ಪೆದ್ದಿ. ಹೌದು ಅಂದ್ರೆ, ಪಾಪ ಮುದುಕನಿಗೆ ಬೇಕಂತೆ, ಅವನ ಹತ್ರಾನೇ ಇರಲಿ ಅಂತ ನಿನ್ನನ್ನ ಇಲ್ಲೇ ಬಿಟ್ಟುಬಿಡ್ತಾರೆ. ಬೇಗ ಒತ್ತು, ನನ್ನ ಮನಸ್ಸು ಬದಲಾಗೋದ್ರೊಳಗೆ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಹಾಗಲ್ಲ ಮೇಷ್ಟ್ರೇ. ಹೌದು ಅಂದ್ರೇನೇ ಅವರು ಕರೆಸ್ಕೊಳ್ಳೋದು. ಇಲ್ಲ ಅಂದ್ರೆ, ಗುರುವಿಗೇ ಬೇಡದವಳು ನಮಗ್ಯಾಕೆ ಅಂತಾರೆ.”

“ಹೌದು ಅಂದ್ರೂ ನೀನು ಹೋಗಬಹುದಾ?”

“ಹೋಗಬಹುದು.”

ಮೇಷ್ಟ್ರು ದೊಡ್ಡದಾಗಿ ಉಸಿರು ಬಿಟ್ಟರು.

“ಹಾಗಾದ್ರೆ ಹೌದು ಅಂತ್ಲೇ ಒತ್ತು. ಸದ್ಯ, ಸುಳ್ಳು ಹೇಳೋದು ತಪ್ಪಿತು.”