ಇಪ್ಪತ್ತೆರಡರ ಇಂದುಮತಿಯ ಕಾವಲು

ಹಳೇ ಹಾರ್ಡ್ ಡಿಸ್ಕಿನ ಫೋಲ್ಡರಿಗೆ ಬೀಗ ಹಾಕಿದವರು ಹಾಕಿದಾಗಿನ ವಯಸ್ಸಿನಲ್ಲೇ ಒಳಗೆ ಕಾವಲು ಕೂತಿರುತ್ತಾರೆ. ಅವರನ್ನು ಒಪ್ಪಿಸುವುದಕ್ಕೆ ಹೊತ್ತು ಹಿಡಿಯುತ್ತದೆ ಅಂತಲೇ ಹುಬ್ಬಳ್ಳಿಯ ಮಕ್ತುಮ್‌ಸಾಬರು ತಮ್ಮ ರಿಪೇರಿ ಅಂಗಡಿಯಲ್ಲಿ ಗಿರಾಕಿಗೊಂದು ಮೆತ್ತನೆ ಕುರ್ಚಿ ಇಟ್ಟಿದ್ದಾರೆ.

ನನ್ನ ಡಿಸ್ಕ್ ಜೋಡಿಸಿದ ಕೂಡಲೇ ಸ್ಪೀಕರಿನಿಂದ ಇಪ್ಪತ್ತೆರಡು ವರ್ಷದ ನಾನೇ ಕೇಳಿದೆ: "ಯಾರ್ರೀ ನೀವು?"

"ನಾನ ಇಂದುಮತಿ. ಈಗ ಐವತ್ತು. ಅಪ್ಪನ ತಬಲಾ ರೆಕಾರ್ಡಿಂಗ್ ಬೇಕಾಗೇದ. ಪಾಸ್‌ವರ್ಡ್ ಮರ್ತೇನಿ."

"ಮರೆಯೋ ಪೈಕಿ ನಾ ಅಲ್ಲ. ಇಂದುಮತಿ ಆಗಿದ್ರ ಹಾಡಿ ತೋರಸ್ರಿ."

ಎಂಥಾ ಸೊಕ್ಕಿನ ಹುಡುಗಿ! ಅಪ್ಪ ಹೋದ ಮೇಲೆ ನಾನು ಹಾಡು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

"ಹಾಡ್ರಿ ಅಕ್ಕಾರ. ಈ ಕುರ್ಚಿಮ್ಯಾಲೆ ಕುಣದವರೂ ಅದಾರ," ಎಂದು ಮಕ್ತುಮ್‌ಸಾಬರು ಫ್ಯಾನ್ ಆರಿಸಿದರು.

ಕಣ್ಣು ಮುಚ್ಚಿ ಭೂಪಾಲಿ ರಾಗ ಎತ್ತಿಕೊಂಡೆ. ಮೇಲಿನ ಸಾ ಮುಟ್ಟುವಾಗ ದನಿ ಜಾರಿತು. ನಾಚಿಕೆಯಾಗಿ ನಿಲ್ಲಿಸಿಬಿಟ್ಟೆ.

ಸ್ಪೀಕರಿನಲ್ಲಿ ಕಿಸಕ್ಕನೆ ನಗು. "ಇನ್ನೂ ಅಲ್ಲೇ ಜಾರ್ತೀಯೇನ? ಹಂಗಾದ್ರ ನೀ ನಾನ!"

ಫೋಲ್ಡರ್ ತೆರೆಯಿತು. ತಬಲಾ ಶುರುವಾಯಿತು, ಜೊತೆಗೆ ನನ್ನ ಆಗಿನ ಹಾಡು; ಮೇಲಿನ ಸಾ ಬಂದಲ್ಲಿ ತಬಲಾ ತಟ್ಟನೆ ನಿಂತಿತು. ಅಪ್ಪನ ದನಿ ಕೇಳಿಸಿತು: "ಮತ್ತ ಜಾರಿದಿ, ಇಂದೂ. ಇರ್ಲಿ, ಇನ್ನೊಮ್ಮೆ ಹಾಡು."

ಫ್ಯಾನ್ ಹಾಕಲು ಎದ್ದಿದ್ದ ಮಕ್ತುಮ್‌ಸಾಬರು ನಾನು ಮತ್ತೆ ಕಣ್ಣು ಮುಚ್ಚಿದ್ದು ನೋಡಿ, ಸ್ವಿಚ್ಚಿನಿಂದ ಕೈ ತೆಗೆದು ಕೂತರು.