ಪೈಪಿನ ರೆಕ್ಕೆಗಳು

ಹುಚ್ಚೀರಪ್ಪ ನೀರಿನ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ, ಕೆಂಡದ ಮೇಲೆ ಹಿಡಿದು ಮೆತ್ತಗಾಗಿಸಿ, ಹಲಗೆಗೆ ಒತ್ತಿ ಗಾಳಿಯಂತ್ರದ ರೆಕ್ಕೆ ಮಾಡುತ್ತಿದ್ದ. ಎರಡು ರೆಕ್ಕೆ ಸುಟ್ಟು ಹಾಳಾದರೂ ಬಿಡಲಿಲ್ಲ.

“ಈ ವಯಸ್ಸಿನ್ಯಾಗ ಯಾಕ ಬೇಕ್ರೀ ಇದು?” ಎಂದಳು ಹೆಂಡತಿ ಕಾಶವ್ವ.

“ಈ ಹೊಲದ ಮನಿಗೆ ಕರೆಂಟಿಲ್ಲ. ಫೋನ್ ಚಾರ್ಜ್ ಮಾಡಾಕ ನೀ ವಾರಕ್ಕ ಎರಡು ಸಲ ಊರಿಗೆ ನಡಕೊಂಡು ಹೋಗ್ತಿ. ಇನ್ನ ಮ್ಯಾಲ ಇಲ್ಲೇ ಆಗ್ತೈತಿ.”

ಕಾಶವ್ವನಿಗೆ ದಿಗಿಲಾಯಿತು. ತಾನು ಮೆಚ್ಚಿದವನನ್ನು ಮದುವೆಯಾಗಿ ಮನೆ ಬಿಟ್ಟುಹೋದ ಮಗಳ ಹೆಸರೆತ್ತಬಾರದೆಂದು ಹುಚ್ಚೀರಪ್ಪ ಮೂರು ವರ್ಷದ ಹಿಂದೆ ಆಣೆ ಹಾಕಿದ್ದ. ಊರಿನ ಗಿರಣಿಯಲ್ಲಿ ಫೋನ್ ಚಾರ್ಜಿಗಿಟ್ಟು, ಅಲ್ಲೇ ಕೂತು ಅವಳು ಮಗಳೊಡನೆ ಮಾತಾಡಿ ಬರುತ್ತಿದ್ದಳು. ಇನ್ನು ಯಾವ ನೆಪ ಹೇಳಿ ಹೋಗುವುದು?

ಗಾಳಿಯೇ ಬೀಸದಿರಲೆಂದು ದೇವರಿಗೆ ಬೇಡಿಕೊಂಡಳು. ಮರುದಿನ ಬೆಳಿಗ್ಗೆಯೇ ಗಾಳಿ ಎದ್ದಿತು. ಹಳೆಯ ಮೋಟಾರಿಗೆ ಕೂಡಿಸಿದ ರೆಕ್ಕೆಗಳು ಕಂಬದ ಮೇಲೆ ಗಿರ್ರನೆ ತಿರುಗಿದವು. ಅವಳು ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡಿದಳು. ಮಧ್ಯಾಹ್ನದ ಹೊತ್ತಿಗೆ ಫೋನ್ ಪೂರ್ತಿ ಚಾರ್ಜ್ ಆಗಿತ್ತು.

ಹುಚ್ಚೀರಪ್ಪ ಅದನ್ನು ತಂದು ಅವಳ ಕೈಗಿತ್ತು, ಪಕ್ಕದಲ್ಲೇ ಕೂತ.

“ಮಗಳ ನಂಬರ್ ನಿನಗ ಬಾಯಿಪಾಠ ಐತಲ್ಲ, ಹಚ್ಚು. ನೀ ಮಾತಾಡಿದ ಮ್ಯಾಲ ನನಗೂ ಕೊಡು.”