ಮಥುರಾಬಾಯಿಯ ರೊಟ್ಟಿಗೆ ಸ್ಕ್ರೂ ಗೇಜು

ಕಾಲೇಜಿನ ಲ್ಯಾಬಿನಿಂದ ತಂದ ಸ್ಕ್ರೂ ಗೇಜನ್ನು ಮೇಧಾ ಊಟದ ಮೇಜಿನ ಮೇಲಿಟ್ಟಳು. ತಂತಿಯ, ಗಾಜಿನ ತುಂಡಿನ ದಪ್ಪ ಅಳೆಯುವ ಆ ಉಪಕರಣಕ್ಕೆ ರಾಣೇಬೆನ್ನೂರಿನಲ್ಲಿ ಜೋಳದ ರೊಟ್ಟಿ ಅಳೆಯುವ ಯೋಗ ಬಂದೀತೆಂದು ಅದನ್ನು ಮಾಡಿದ ಪುಣ್ಯಾತ್ಮನೂ ಎಣಿಸಿರಲಿಕ್ಕಿಲ್ಲ. ಏನು ಮಾಡುವುದು! ಅವಳ ಅತ್ತೆ ಮಥುರಾಬಾಯಿಯೂ ಪಕ್ಕದ ಮನೆಯ ಜ್ಯೋತಿಲಕ್ಷ್ಮಿಯೂ ಯಾರ ಖಡಕ್ ರೊಟ್ಟಿ ಹೆಚ್ಚು ತೆಳ್ಳಗೆ ಎಂದು ಜಿದ್ದಿಗೆ ಬಿದ್ದಿದ್ದರು. ತನ್ನದು ಬ್ಯಾಡಗಿಯ ಕೈ, ಇಲ್ಲಿನವರಿಗೆ ಬರುವಂಥದ್ದಲ್ಲ ಎಂದು ಜ್ಯೋತಿಲಕ್ಷ್ಮಿ ಅಂದದ್ದೇ ಎಲ್ಲಕ್ಕೂ ಮೂಲ. ಫಿಸಿಕ್ಸ್ ಕಲಿಸುವ ಸೊಸೆ ಮನೆಯಲ್ಲೇ ಇರುವಾಗ ನ್ಯಾಯ ಹೇಳಲು ಬೇರೆಯವರೇಕೆ ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಅತ್ತೆ ಬಾಯಿ ತೆರೆಯುವವರೆಗೆ ಮೇಧಾಳಿಗೆ ಇದೆಲ್ಲ ತಮಾಷೆಯಾಗಿಯೇ ಇತ್ತು.

“ನಂದು ದಪ್ಪ ಬಂತಂದ್ರ ಇವತ್ತಿಗೇ ಮುಗೀತು. ಮತ್ತ ಹಿಟ್ಟಿಗೆ ಕೈ ಹಚ್ಚೂದಿಲ್ಲ,” ಎಂದರು ಮಥುರಾಬಾಯಿ.

ಗೇಜಿನ ಕಡೆ ಚಾಚಿದ ಕೈಯನ್ನು ಮೇಧಾ ಹಿಂದಕ್ಕೆಳೆದುಕೊಂಡಳು. ಹಾವೇರಿಯ ಅವಳ ತವರಿನಲ್ಲಿ ರೊಟ್ಟಿ ಅಂಗಡಿಯಿಂದ ಬರುತ್ತಿತ್ತು. ಈ ಮನೆಯಲ್ಲೋ, ಕೊಂಡು ತಂದ ರೊಟ್ಟಿ ಹೊಸಿಲು ದಾಟುವಂತಿಲ್ಲ. ಮದುವೆಯ ಹೊಸತರಲ್ಲಿ ಅವಳು ಒಮ್ಮೆ ಬಡಿದ ರೊಟ್ಟಿಯನ್ನು ಗಂಡ ವಿಕ್ರಮ ಬಾಯಿತುಂಬ ಹೊಗಳುತ್ತ ನೀರಿನಲ್ಲಿ ನೆನೆಸಿಕೊಂಡು ತಿಂದಿದ್ದ. ಅತ್ತೆ ಕೈಬಿಟ್ಟರೆ ಆ ಒಲೆಯ ಮುಂದೆ ಕೂಡುವುದು ತಾನೇ ಎಂಬುದಕ್ಕೆ ಯಾವ ಲ್ಯಾಬೂ ಬೇಕಿರಲಿಲ್ಲ.

ಮೊದಲು ಜ್ಯೋತಿಲಕ್ಷ್ಮಿಯ ರೊಟ್ಟಿ. ಚೂರೊಂದನ್ನು ಮುರಿದು ಗೇಜಿನ ಬಾಯಿಗೆ ಕೊಟ್ಟು, ಮೆಲ್ಲಗೆ ತಿರುಪು ತಿರುಗಿಸಿ ಅಳತೆ ಬರೆದುಕೊಂಡಳು. ಆಮೇಲೆ ಅತ್ತೆಯದು. ಅಂಚಿನ ಚೂರು ಹಿಡಿದಳು, ನಡುವಿನ ಚೂರು ಹಿಡಿದಳು, ತಿರುವಿ ಹಾಕಿ ಹಿಡಿದಳು. ಹೇಗೆ ಹಿಡಿದರೂ ಅತ್ತೆಯದೇ ಒಂದು ಕೂದಲೆಳೆಯಷ್ಟು ದಪ್ಪ. ಅಯ್ಯೋ, ಈ ಹಾಳು ಗೇಜಿಗೆ ಒಂದಿಷ್ಟಾದರೂ ಸಂಸಾರದ ತಿಳಿವಳಿಕೆ ಬೇಡವೇ!

ಮೇಧಾ ಗೇಜಿನ ಬಾಯಿ ಮುಚ್ಚಿದಳು, ಕನ್ನಡಕ ಸರಿಮಾಡಿಕೊಂಡಳು, ಇದರಲ್ಲಿ ಶೂನ್ಯ ದೋಷ ಇದೆ ಎಂದಳು. ಬಾಯಿ ಮುಚ್ಚಿದಾಗ ಸೊನ್ನೆ ತೋರಿಸಬೇಕಾದದ್ದು ಸ್ವಲ್ಪ ಹೆಚ್ಚು ತೋರಿಸಿದರೆ ಅಷ್ಟನ್ನು ಕಳೆಯಬೇಕು, ಅದು ವಿಜ್ಞಾನದ ನಿಯಮ ಎಂದು ವಿವರಿಸಿ, ಅತ್ತೆಯ ಅಳತೆಯಿಂದ ಕಳೆದೂಬಿಟ್ಟಳು. ಗೇಜು ಮಾತ್ರ ಸತ್ಯ ಹರಿಶ್ಚಂದ್ರನ ಹಾಗೆ ಸೊನ್ನೆಯನ್ನೇ ತೋರಿಸುತ್ತಿತ್ತು.

“ನಂದರಾಗ ಕಳಿಯೂದಿಲ್ಲೇನು?” ಜ್ಯೋತಿಲಕ್ಷ್ಮಿ ಕೇಳಿದರು.

“ನಿಮ್ಮದು ಅಳತಿ ಮಾಡೂವಾಗ ದೋಷ ಇರಲಿಲ್ರಿ, ಕಾಕಿ. ಆಮ್ಯಾಲ ಬಂತು.”

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಾವನಾದರೂ ಹೀಗಂದಿದ್ದರೆ ಮೇಧಾ ಅವನನ್ನು ಅಲ್ಲಿಯೇ ನಪಾಸು ಮಾಡುತ್ತಿದ್ದಳು. ವಿಜ್ಞಾನದ ಮುಂದೆ ಬ್ಯಾಡಗಿಯ ಕೈ ಏನು ಮಾಡೀತು? ಜ್ಯೋತಿಲಕ್ಷ್ಮಿ ಮುಖ ಸಣ್ಣದು ಮಾಡಿಕೊಂಡು ತಟ್ಟೆ ಎತ್ತಿಕೊಂಡು ಹೋದರು. ಮಥುರಾಬಾಯಿ ಬಾಗಿಲವರೆಗೂ ಹೋಗಿ ದೊಡ್ಡಸ್ತಿಕೆಯಿಂದ ಕಳಿಸಿ ಬಂದರು. ಬದುಕಿದೆಯಾ ಬಡಜೀವವೇ ಎಂದು ಮೇಧಾ ಗೇಜನ್ನು ಚೀಲಕ್ಕೆ ಸೇರಿಸಿದಳು.

ಅಡುಗೆಮನೆಯಲ್ಲಿ ಮಥುರಾಬಾಯಿ ಕುರ್ಚಿ ಎಳೆದುಕೊಂಡು ಕಾಲು ಚಾಚಿ ಕೂತಿದ್ದರು. “ಆಕಿ ರೊಟ್ಟೀನ ತೆಳ್ಳಗಿತ್ತು. ಇಷ್ಟು ವರ್ಷ ಬಡದ ಕೈಗೆ ಅಷ್ಟೂ ತಿಳಿಯೂದಿಲ್ಲೇನು? ಆಕಿ ಮುಂದ ನನ್ನ ಮರ್ಯಾದಿ ಉಳಿಸಿದಿ, ಭಾಳ ಛಲೋ ಆತು,” ಎಂದರು.

ಮೇಧಾ ನಾಚಿ ತಲೆ ತಗ್ಗಿಸಿದಳು.

“ಆದ್ರ ಆಡಿದ ಮಾತು ತಪ್ಪಾಕ ಬರೂದಿಲ್ಲವಾ. ಖರೇ ಸೋತಾಕಿ ನಾನ,” ಎನ್ನುತ್ತ ಮಥುರಾಬಾಯಿ ಹಾಯಾಗಿ ಮೊಣಕಾಲು ನೀವಿಕೊಂಡು, ಹಿಟ್ಟಿನ ಡಬ್ಬಿಯನ್ನು ಸೊಸೆಯ ಕಡೆಗೆ ಸರಿಸಿದರು. “ವಿಕ್ರಮ ಬರೂದ್ರಾಗ ನಾಲ್ಕು ಬಡಿ.”